ಹಲ್ಲಿಗಿಂತ ಮೊದಲು ಮೂಳೆ

ನಮ್ಮ ಅಕ್ಕಸಾಲಿಗನಿಗೆ ಹೆತ್ತವರು ಇಟ್ಟ ಹೆಸರು ಏನಾದರೂ ಇರಲಿ, ಬೀದಿಯವರ ಬಾಯಲ್ಲಿ ಅವನು ಊದಪ್ಪ. ಅವನ ಬಾಯಿಯ ಎಡಮೂಲೆಯಲ್ಲಿ ಸದಾ ಒಂದು ಹಿತ್ತಾಳೆಯ ಊದುಗೊಳವೆ. ಒಂದು ಕೈಯಲ್ಲಿ ಚಿಮುಟ, ಇನ್ನೊಂದು ಕೈಯಲ್ಲಿ ಒಡವೆ ಇಟ್ಟ ಇದ್ದಿಲ ತುಂಡು, ಎದುರಿಗೆ ಸಣ್ಣ ದೀಪ. ಕೊಳವೆಯನ್ನು ಎಡಗಡೆಯ ಹಲ್ಲುಗಳಲ್ಲಿ ಕಚ್ಚಿ ಹಿಡಿದು ಊದಿದನೆಂದರೆ ದೀಪದ ಉರಿ ಸೂಜಿಯಂತೆ ಸಣ್ಣಗಾಗಿ ಅವನು ಹೇಳಿದ ಜಾಗಕ್ಕೇ ಹೋಗಿ ತಾಗುತ್ತಿತ್ತು. ಕೂದಲೆಳೆಯಂಥ ತಂತಿಗೆ ಏನೂ ಆಗದೆ ಬೆಸುಗೆ ಮಾತ್ರ ಕರಗುತ್ತಿತ್ತು. ಅಂಗಡಿಯಲ್ಲಿ ಗ್ಯಾಸಿನ ಉರಿಯೂ ಇತ್ತು. "ಅದು ಚಿನ್ನ ಕರಗ್ಸೋಕೆ ಸರಿ, ನಾಜೂಕು ಕೆಲಸಕ್ಕೆ ಅಲ್ಲ. ಅದಕ್ಕೆ ನನ್ನ ಮಾತು ಅರ್ಥ ಆಗಲ್ಲ" ಎನ್ನುತ್ತಿದ್ದ.

ಇಂಥವನಿಗೆ ಹಲ್ಲು ಕೈಕೊಟ್ಟಿತು. ಹಲ್ಲು ತಪ್ಪು ಮಾಡಿತು ಎಂದು ಅವನ ದೂರು. ಆದರೆ ನಿಜ ಹೇಳಬೇಕಲ್ಲ? ವರ್ಷಗಟ್ಟಲೆ ಒಸಡಿನಲ್ಲಿ ರಕ್ತ ಬರುತ್ತಿದ್ದರೂ "ಬ್ರಷ್ಷು ಒರಟು" ಎಂದು ಬ್ರಷ್ಷಿನ ಮೇಲೆ ಹಾಕಿದವನು ಅವನೇ. ಎಡಗಡೆ ಮೇಲಿನ ಎರಡು ದವಡೆ ಹಲ್ಲು ಅಲ್ಲಾಡಿ, ಕೀಳಿಸಬೇಕಾಗಿ ಬಂದಾಗ "ಇನ್ನೂ ಇಷ್ಟೊಂದಿವೆಯಲ್ಲ" ಎಂದು ನಕ್ಕು ಸುಮ್ಮನಾದವನೂ ಅವನೇ. ನಾಲ್ಕು ವರ್ಷ ಆ ಜಾಗ ಖಾಲಿಯೇ ಇತ್ತು. ಕೊಳವೆ ಅಲ್ಲಿ ನಿಲ್ಲದಾಯಿತು. ಕೆನ್ನೆ ಒಳಕ್ಕೆ ಇಳಿದು, ಊದಿದ ಗಾಳಿ ಅರ್ಧ ಸಂದಿಯಲ್ಲೇ ಸೋರಿಹೋಗತೊಡಗಿತು. ಕೊನೆಗೆ ತೆಗೆದು ಹಾಕುವ ಹಲ್ಲಿನ ಸೆಟ್ಟು ಮಾಡಿಸಿಕೊಂಡ.

ಆ ಸೆಟ್ಟಿನ ಕಥೆ ಬೀದಿಗೆಲ್ಲ ಗೊತ್ತು. ಓಲೆ ರಿಪೇರಿಗೆ ಕೊಟ್ಟ ಹೆಂಗಸೊಬ್ಬರು ಎದುರಿಗೇ ಕೂತಿದ್ದರು. ಊದಪ್ಪ ಗಟ್ಟಿಯಾಗಿ ಉಸಿರು ತುಂಬಿ ಊದಿದ. ಕೊಳವೆ ಒಂದು ಕಡೆ ಹೋಯಿತು, ಹಲ್ಲಿನ ಸೆಟ್ಟು ಜಿಗಿದು ಇದ್ದಿಲ ಮೇಲೆ, ಓಲೆಯ ಪಕ್ಕದಲ್ಲೇ ಬಂದು ಕೂತಿತು. ಆ ಹೆಂಗಸು ನಿಧಾನವಾಗಿ ನೋಡಿ ಹೇಳಿದರು, "ನಾನು ಒಂದೇ ಓಲೆ ಕೊಟ್ಟಿದ್ದು. ಇದು ಯಾರದ್ದೋ ನೋಡಿ."

ಊದಪ್ಪನಿಗೆ ನಗು ಬರಲಿಲ್ಲ. ಅದೇ ವಾರ ಮಗಳ ಮದುವೆ ಗೊತ್ತಾಗಿತ್ತು. ಮದುವೆಗೆ ಇನ್ನು ಮೂರು ತಿಂಗಳು. ಅಚ್ಚುಕೂಟದಲ್ಲಿ ಕೆಲಸ ಮಾಡುವ ಮಗಳು ಶಾಯಿ ಮೆತ್ತಿದ ಬೆರಳನ್ನು ಮುಂದೆ ಚಾಚಿ, "ಅಪ್ಪಾ, ನಮ್ಮಿಬ್ರ ಉಂಗುರಾನೂ ನೀನೇ ಮಾಡ್ಬೇಕು. ತಂತಿ ಹೆಣೆದಿರೋದು, ಅಜ್ಜಿಗೆ ಮಾಡಿಕೊಟ್ಟಿದ್ಯಲ್ಲ ಅಂಥದ್ದು. ಅಂಗಡೀಲಿ ಕೊಂಡಿದ್ದು ನಂಗೆ ಬೇಡ" ಎಂದಿದ್ದಳು. ಅವನು ತಲೆಯಾಡಿಸಿದ್ದ. ಆಮೇಲೆ ಒಳಗೆ ಹೋಗಿ ಗೋಡೆ ಕಡೆ ತಿರುಗಿ ಕೂತ. ಊರಿಗೆಲ್ಲ ಉಂಗುರ ಮಾಡಿದವನು ತನ್ನ ಮಗಳಿಗೇ ಮಾಡಲಾಗದಿದ್ದರೆ ಆ ಕೈ ಇದ್ದು ಏನು ಪ್ರಯೋಜನ ಎಂಬ ಸಂಕಟ ಅವನಿಗೆ.

ಹೆಂಡತಿಯ ತಮ್ಮ ಧೈರ್ಯ ಹೇಳಲು ಬಂದ. ಅವನಿಗೆ ಎಲ್ಲ ವಿಷಯವೂ ಅರ್ಧರ್ಧ ಗೊತ್ತು.

"ಭಾವಾ, ಈಗ ಇಂಪ್ಲಾಂಟ್ ಅಂತ ಬಂದಿದೆ. ದವಡೆ ಮೂಳೆಗೇ ಸಣ್ಣ ಸ್ಕ್ರೂ ಹಾಕಿ, ಅದರ ಮೇಲೆ ಹಲ್ಲು ಕೂರಿಸ್ತಾರೆ. ಬೆಳಿಗ್ಗೆ ಹೋದ್ರೆ ಸಂಜೆ ಹಲ್ಲು ಹಾಕ್ಕೊಂಡು ಬರಬಹುದಂತೆ!"

ಊದಪ್ಪನ ಮುಖ ಅರಳಿತು. ಎದುರು ಮನೆಯಲ್ಲೇ ದಂತ ಆಸ್ಪತ್ರೆಯ ನರ್ಸು ಇದ್ದಳು. ಬೀದಿಯವರಿಗೆ ಅವಳು ಸಿಸ್ಟರಮ್ಮ. ಅವಳೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಬಾಯಿ ನೋಡಿದರು, ಸ್ಕ್ಯಾನ್ ಮಾಡಿಸಿದರು, ಚಿತ್ರವನ್ನು ಪರದೆಯ ಮೇಲೆ ತೋರಿಸಿ ಹೇಳಿದರು.

"ಸ್ಕ್ರೂ ಹಾಕೋಕೆ ಇಲ್ಲಿ ಮೂಳೆ ಸಾಲದು. ಮೊದಲು ಒಸಡಿನ ಕಾಯಿಲೆ ವಾಸಿ ಮಾಡೋಣ. ಆಮೇಲೆ ಮೂಳೆ ಕಸಿ. ಆ ಮೂಳೆ ಬೆಳೆದು ಗಟ್ಟಿಯಾದ ಮೇಲೆ ಇಂಪ್ಲಾಂಟು. ಆರು ತಿಂಗಳಾದರೂ ಬೇಕು, ಇನ್ನೂ ಸ್ವಲ್ಪ ಜಾಸ್ತೀನೂ ಆಗಬಹುದು."

"ನಾನು ಹಲ್ಲು ಕೇಳೋಕೆ ಬಂದ್ರೆ ನೀವು ಮೂಳೆ ಅಂತೀರಲ್ಲಾ!" ಎಂದು ಊದಪ್ಪ ದುರ್ದಾನ ತೆಗೆದುಕೊಂಡವನಂತೆ ಎದ್ದು ಬಂದುಬಿಟ್ಟ. ಬೇರೆ ಕಡೆ ಹೋಗಿ ಒಂದೇ ದಿನದಲ್ಲಿ ಹಾಕಿಸಿಕೊಳ್ಳುತ್ತೇನೆ ಎಂದು ಹೆಂಡತಿಯ ಮುಂದೆ ಪಣ ತೊಟ್ಟ.

ಸಂಜೆ ಸಿಸ್ಟರಮ್ಮ ಅವನ ಅಂಗಡಿಗೆ ಬಂದಳು. ಬುದ್ಧಿ ಹೇಳಬೇಕೆಂದೇ ಬಂದಿದ್ದಳು, ಆದರೆ ಬಾಯಿ ತೆರೆಯುವ ಅವಕಾಶ ಸಿಗಲಿಲ್ಲ. ಗಿರಾಕಿಯೊಬ್ಬ ಹಳೆಯ ಉಂಗುರ ತಂದು ಗಲಾಟೆ ಮಾಡುತ್ತಿದ್ದ.

"ಹರಳು ಬಿದ್ದೋಗಿದೆ ಅಷ್ಟೆ. ಅಂಟು ಹಾಕಿ ಕೂರಿಸಿ ಕೊಡಿ. ನಾಳೆ ಊರಿಗೆ ಹೋಗ್ಬೇಕು."

ಊದಪ್ಪ ಉಂಗುರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಸಿಡುಕಿದ. "ಏನ್ ಸ್ವಾಮಿ ನೀವು! ಹರಳನ್ನ ಹಿಡಿದುಕೊಳ್ಳೋ ಚಿನ್ನಾನೇ ಸವೆದು ಹೋಗಿದೆ. ಸುತ್ತ ಗೋಡೇನೇ ಇಲ್ಲ, ಹರಳು ಯಾವುದನ್ನ ಹಿಡಿದು ನಿಲ್ಲುತ್ತೆ? ಇವತ್ತು ಕೂರಿಸಿ ಕೊಡ್ತೀನಿ, ನಾಡಿದ್ದು ಬಿದ್ದೋಗುತ್ತೆ, ಆಮೇಲೆ ಅಕ್ಕಸಾಲಿಗ ಮೋಸ ಮಾಡ್ದ ಅಂತೀರಿ. ಅಕ್ಕನ ಚಿನ್ನಾನೂ ಬಿಡದವರು ಅಂತ ನಮಗೆ ಮೊದಲೇ ಒಳ್ಳೆ ಹೆಸರಿದೆ! ಮೊದಲು ಚಿನ್ನ ತುಂಬಿಸಿ ಗೋಡೆ ಎಬ್ಬಿಸ್ತೀನಿ. ಆಮೇಲೆ ಹರಳು. ಆತುರ ಇದ್ರೆ ಬೇರೆ ಅಂಗಡಿ ನೋಡಿ."

ಗಿರಾಕಿ ಉಂಗುರ ಬಿಟ್ಟು ಹೋದ. ಊದಪ್ಪ ತಲೆ ಎತ್ತಿ ನೋಡಿದರೆ ಸಿಸ್ಟರಮ್ಮ ಅವನನ್ನೇ ನೋಡುತ್ತಿದ್ದಳು. ಒಡವೆಗೆ ಮೆರುಗು ಕೊಡುತ್ತಿದ್ದ ಹೆಂಡತಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಅಲುಗಾಡುತ್ತಿದ್ದಳು.

"ಏನು?" ಎಂದ ಊದಪ್ಪ.

"ಏನಿಲ್ಲ. ಡಾಕ್ಟರಮ್ಮ ಬೆಳಿಗ್ಗೆ ಹೇಳಿದ್ದನ್ನೇ ನೀವು ಆ ಮನುಷ್ಯನಿಗೆ ಹೇಳಿದ್ರಿ" ಎಂದು ಹೆಂಡತಿ ತಡೆಯಲಾರದೆ ಬಿದ್ದು ಬಿದ್ದು ನಕ್ಕಳು.

ಊದಪ್ಪನ ಕಿವಿ ಕೆಂಪಾಯಿತು. ಸ್ವಲ್ಪ ಹೊತ್ತು ಚಿಮುಟವನ್ನು ಎತ್ತಿ ಇಟ್ಟು ಮಾಡಿದ. ಆಮೇಲೆ ತಗ್ಗಿದ ದನಿಯಲ್ಲಿ ಸಿಸ್ಟರಮ್ಮನನ್ನು ಕೇಳಿದ, "ಅಲ್ಲಮ್ಮಾ, ಹುಟ್ಟಿದಾಗಿನಿಂದ ಇದ್ದ ಮೂಳೆ ಎಲ್ಲಿಗೆ ಹೋಯ್ತು?"

"ಹಲ್ಲಿನ ಬೇರು ಇರೋ ತನಕ ಮೂಳೆಗೆ ಕೆಲಸ ಇರುತ್ತೆ ಅಣ್ಣಾ. ನಾವು ಅಗಿಯೋ ಭಾರ ಬೇರಿನಿಂದ ಮೂಳೆಗೆ ಹೋಗುತ್ತೆ. ಹಲ್ಲು ಹೋದ ಮೇಲೆ ಕೆಲಸ ಇಲ್ಲ, ಮೂಳೆ ಮೆಲ್ಲಗೆ ಕರಗುತ್ತೆ. ನಿಮಗೆ ಒಸಡಿನ ಕಾಯಿಲೆ ಬೇರೆ ಇತ್ತು, ಅದೂ ತಿಂದಿದೆ. ಇನ್ನೊಂದು ವಿಷಯ. ನೆಗಡಿ ಆದಾಗ ಕೆನ್ನೆ ಭಾರ ಆಗುತ್ತಲ್ಲ? ಅಲ್ಲಿ, ಮೇಲಿನ ದವಡೆ ಹಲ್ಲಿನ ಮೇಲೆ, ಒಂದು ಗಾಳಿಗೂಡು ಇರುತ್ತೆ. ಹಲ್ಲು ಹೋದ್ರೆ ಅದೂ ಕೆಳಗೆ ಜಗ್ಗುತ್ತೆ. ಮೇಲಿಂದಾನೂ ಕಡಿಮೆ, ಕೆಳಗಿಂದಾನೂ ಕಡಿಮೆ. ನಡುವೆ ಉಳಿದಿರೋ ಮೂಳೆ ತೆಳ್ಳಗಿದೆ. ಅದಕ್ಕೆ ಸ್ಕ್ರೂ ಹಾಕಿದ್ರೆ ನಿಲ್ಲಲ್ಲ."

"ಹಾಗಾದ್ರೆ ನನ್ನ ಭಾವಮೈದ ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ. ಮೂಳೆ ಚೆನ್ನಾಗಿರೋ ಕೆಲವರಿಗೆ ಬೇಗ ಆಗುತ್ತೆ. ಎಲ್ಲರಿಗೂ ಕಸಿ ಬೇಕು ಅಂತಾನೂ ಇಲ್ಲ. ಯಾರಿಗೆ ಏನು ಅಂತ ಸ್ಕ್ಯಾನ್ ನೋಡೇ ಹೇಳ್ಬೇಕು. ನಿಮ್ಮದನ್ನ ನೋಡಿದ್ದೀವಲ್ಲ."

ಮರುದಿನ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದರು. ಊದಪ್ಪ ಮೊದಲ ದಿನದ ಸಿಟ್ಟಿಗೆ ಕ್ಷಮೆ ಕೇಳಿದ. ಹೆಂಡತಿ ಮಾತ್ರ ಸುಲಭಕ್ಕೆ ಬಿಡುವವಳಲ್ಲ.

"ಮೂಳೆ ಅಂತೀರಿ. ಯಾರ ಮೂಳೆ?"

ಡಾಕ್ಟರಮ್ಮ ನಕ್ಕರು. "ಒಳ್ಳೆ ಪ್ರಶ್ನೆ. ಎಲ್ಲರೂ ಕೇಳ್ಬೇಕು, ಕೆಲವರು ಸಂಕೋಚ ಪಟ್ಟು ಸುಮ್ಮನಿರ್ತಾರೆ. ಅವರದ್ದೇ ದವಡೆಯ ಬೇರೆ ಕಡೆಯಿಂದ ಸ್ವಲ್ಪ ತಗೋಬಹುದು. ದಾನಿಗಳ ಮೂಳೆ ಶುದ್ಧ ಮಾಡಿದ್ದು ಇದೆ, ಪ್ರಾಣಿ ಮೂಳೆಯಿಂದ ತಯಾರಿಸಿದ್ದು ಇದೆ, ಕಾರ್ಖಾನೆಯಲ್ಲಿ ಮಾಡಿದ್ದೂ ಇದೆ. ಯಾವುದಾದ್ರೂ ಪುಡಿಯ ಹಾಗೆ ಮಾಡಿ ತುಂಬ್ತೀವಿ. ಯಾವುದು ನಿಮ್ಮ ಮನಸ್ಸಿಗೆ ಒಪ್ಪುತ್ತೆ, ಯಾವುದು ನಿಮ್ಮ ದವಡೆಗೆ ಸರಿಹೋಗುತ್ತೆ ಅಂತ ಕೂತು ಮಾತಾಡಿ ಆರಿಸೋಣ."

"ಅಂದ್ರೆ ಆ ಪುಡೀನೇ ಗಟ್ಟಿಯಾಗಿ ಮೂಳೆ ಆಗುತ್ತಾ?" ಎಂದ ಊದಪ್ಪ.

"ಮೂಳೆ ಮಾಡೋದು ನಿಮ್ಮ ದೇಹ. ಪುಡಿ ಬರೀ ಜಾಗ ಹಿಡಿದು ಆಸರೆ ಕೊಡುತ್ತೆ, ಬಳ್ಳಿಗೆ ಚಪ್ಪರ ಹಾಕಿದ ಹಾಗೆ. ಒಸಡು ಬೇಗ ಬೆಳೆಯುತ್ತೆ, ಮೂಳೆ ನಿಧಾನ. ಒಸಡು ನುಗ್ಗಿ ಆ ಜಾಗ ಹಿಡಿದುಬಿಡಬಾರದು ಅಂತ ನಡುವೆ ಒಂದು ತೆಳು ಪೊರೆ ಇಡ್ತೀವಿ. ಉಳಿದದ್ದು ನಿಮ್ಮ ಕೈಲಿದೆ. ಸಿಗರೇಟು ಬಿಡ್ಬೇಕು. ಸಕ್ಕರೆ ಕಾಯಿಲೆ, ರಕ್ತ ತೆಳುವಾಗೋ ಮಾತ್ರೆ, ಮೂಳೆಗೆ ಅಂತ ತಗೋಳೋ ಔಷಧ, ಏನಿದ್ರೂ ಈಗಲೇ ಹೇಳ್ಬೇಕು."

ಮದುವೆ ಮುಗಿದ ಮೇಲೆ ಮಾಡಿಸಿಕೊಂಡರೆ ಹೇಗೆ ಎಂದು ಊದಪ್ಪ ಒಮ್ಮೆ ರಾಗ ತೆಗೆದ. "ಇವತ್ತು ಒಪ್ಪಿದ್ದೀರಿ, ಇವತ್ತೇ ಆಗ್ಲಿ. ನಾಳೆಗೆ ನಿಮ್ಮ ಬುದ್ಧಿ ಎಲ್ಲಿರುತ್ತೋ ನಂಗೊತ್ತಿಲ್ಲ" ಎಂದು ಹೆಂಡತಿ ರಾಗ ನಿಲ್ಲಿಸಿದಳು. ಅವನಿಗೂ ಒಳಗೊಳಗೆ ಒಂದು ಲೆಕ್ಕಾಚಾರ ಇತ್ತು. ಗಾಯ ಮಾಯಲು ಕೆಲವು ವಾರ ಸಾಕಂತೆ. ಆಮೇಲೆ ಕೊಳವೆಯನ್ನು ಬಲಗಡೆ ಹಿಡಿದು ಹೇಗೋ ಉಂಗುರ ಮುಗಿಸಿದರಾಯಿತು.

ಒಸಡಿಗೆ ಚಿಕಿತ್ಸೆ ಆಯಿತು. ಸಿಗರೇಟು ಬಿಟ್ಟ. ಬಿಟ್ಟ ಮೇಲಿನ ಅವನ ಸಿಡಿಮಿಡಿಯನ್ನು ಹೆಂಡತಿ ಸಹಿಸಿಕೊಂಡಳು. ಕಸಿಯ ದಿನ ಬಂತು. ಜಾಗ ಮರಗಟ್ಟಲು ಸೂಜಿ ಹಾಕಿದರು. ನೋವಿರಲಿಲ್ಲ, ಒತ್ತಿದಂತೆ, ಎಳೆದಂತೆ ಅನ್ನಿಸಿತು ಅಷ್ಟೇ. ಗಾಳಿಗೂಡಿನ ತಳದ ತೆಳು ಪದರವನ್ನು ಮೆಲ್ಲಗೆ ಮೇಲಕ್ಕೆ ಸರಿಸಿ, ಕೆಳಗೆ ಪುಡಿ ತುಂಬಿ, ಪೊರೆ ಮುಚ್ಚಿ, ಹೊಲಿಗೆ ಹಾಕಿದರು.

ಹೊರಡುವಾಗ ಸಿಸ್ಟರಮ್ಮ ಮುಂದೆ ನಿಂತು ಹೇಳಿದಳು. "ಆ ಕಡೆ ಅಗಿಯಬಾರದು. ಮೆತ್ತಗಿರೋದನ್ನ ತಿನ್ನಿ. ಮೂಗು ಸೀಟಬಾರದು. ಸೀನು ಬಂದ್ರೆ ತಡೀಬೇಡಿ, ಬಾಯಿ ತೆರೆದು ಸೀನಿ. ಕೊಳವೆ ಹಾಕಿ ಜ್ಯೂಸು ಹೀರಬಾರದು. ಮುಖ್ಯವಾಗಿ ನಿಮಗೆ ಹೇಳ್ತಿದ್ದೀನಿ ಅಣ್ಣಾ, ಡಾಕ್ಟರಮ್ಮ ಸರಿ ಅನ್ನೋ ತನಕ ಊದಲೇಬಾರದು."

"ಊದಲ್ಲ ತಾಯಿ" ಎಂದ ಊದಪ್ಪ, ಊದಿಕೊಂಡ ಕೆನ್ನೆಯಲ್ಲಿ.

ಊತ ಇಳಿಯಿತು. ನೋವು ಹೋಯಿತು. ತೊಂದರೆ ಶುರುವಾಗಿದ್ದೇ ಆಗ. ನೋವಿರುವವನಿಗೆ ಹೇಳಿದ ಮಾತು ನೆನಪಿರುತ್ತದೆ, ನೋವು ಹೋದವನಿಗೆ ತಾನೇ ಡಾಕ್ಟರು ಅನ್ನಿಸುತ್ತದೆ. ಹೊಲಿಗೆ ಬಿಚ್ಚಿ ಇನ್ನೂ ಕೆಲವೇ ದಿನ. ಉಂಗುರದ ತಂತಿ ಹೆಣೆದು ಸಿದ್ಧವಾಗಿತ್ತು, ಬೆಸುಗೆಯೊಂದೇ ಬಾಕಿ. ಹೆಂಡತಿ ಸಂತೆಗೆ ಹೋಗಿದ್ದಳು. ಊದಪ್ಪ ದೀಪ ಹಚ್ಚಿದ. ಎಡಗಡೆ ಮುಟ್ಟಬಾರದು ತಾನೇ? ಮುಟ್ಟುವುದಿಲ್ಲ. ಕೊಳವೆಯನ್ನು ಬಾಯಿಯ ಬಲಮೂಲೆಗೆ ಇಟ್ಟುಕೊಂಡ. ಬಲಗಡೆ ಊದಿದರೆ ಎಡಗಡೆಗೇನು ಸಂಬಂಧ ಎಂದುಕೊಂಡು, ಕೆನ್ನೆ ತುಂಬಿ ಊದಿದ.

ಎಡಗೆನ್ನೆಯೊಳಗೆ ಏನೋ ಪಟ್ಟೆಂದಿತು. ಗಾಳಿ ಮೂಗಿನಲ್ಲಿ ಹೊರಬಂತು. ನಾಲಿಗೆಗೆ ಉಪ್ಪುಪ್ಪು ರಕ್ತ, ಜೊತೆಗೆ ಮರಳಿನಂಥ ಎರಡು ಮೂರು ಕಣ. ಊದಪ್ಪ ಹೆದರಿ ಕೊಳವೆ ಕೆಳಗಿಟ್ಟ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಇಲ್ಲಿ ದೊಣ್ಣೆಯೂ ಅವನದೇ. ಹೆಂಡತಿ ಬರುವಷ್ಟರಲ್ಲಿ ದೀಪ ಆರಿಸಿ, ಏನೂ ಆಗದವನಂತೆ ಕೂತ. ಅವಳು ನೀರು ಕೊಟ್ಟಳು. ಕುಡಿದ ನೀರು ಮೂಗಿನಲ್ಲಿ ಇಳಿಯಿತು.

"ಊದಿದ್ರಾ?" ಎಂದಳು.

"ಬಲಗಡೆಯಿಂದ" ಎಂದ ಅವನು. ಅವನ ಕಣ್ಣಲ್ಲಿ ನೀರಿತ್ತು.

ಅವಳು ಬೈಯಲಿಲ್ಲ. ಚಪ್ಪಲಿ ಬಿಚ್ಚಿರಲೂ ಇಲ್ಲ, ಹಾಗೆಯೇ ಅವನ ತೋಳು ಹಿಡಿದು ಆಸ್ಪತ್ರೆಗೆ ನಡೆಸಿದಳು.

ಡಾಕ್ಟರಮ್ಮ ನೋಡಿ, ಜಾಗ ತೊಳೆದು, ಬಿಟ್ಟುಕೊಂಡಿದ್ದ ಕಡೆ ಮತ್ತೆ ಮುಚ್ಚಿ ಹೊಲಿದರು. "ಬಾಯಿಗೆ ಎಡ ಬಲ ಬೇರೆ ಬೇರೆ ಗಾಳಿ ಇಲ್ಲಪ್ಪ. ಎಲ್ಲಿಂದ ಊದಿದ್ರೂ ಒತ್ತಡ ಎಲ್ಲಾ ಕಡೆ ಬೀಳುತ್ತೆ. ಪುಡಿ ಸ್ವಲ್ಪ ಹೋಗಿದೆ, ಬಹುಪಾಲು ಉಳಿದಿದೆ. ಇವತ್ತೇ ಬಂದ್ರಲ್ಲ, ಬದುಕಿದ್ರಿ. ಮುಚ್ಚಿಟ್ಟುಕೊಂಡು ಕೂತಿದ್ರೆ ಸೋಂಕು ಹತ್ತಿ ಎಲ್ಲಾ ತೆಗೀಬೇಕಾಗಿತ್ತು."

"ಇನ್ನು ಊದೋದು ಯಾವಾಗ?"

"ಮಗಳ ಮದುವೆಗೆ ಅಂತೂ ಆಗಲ್ಲ."

ಆ ಮಾತು ಅವನ ಎದೆಗೆ ಬಿತ್ತು. ಮನೆಗೆ ಬಂದು ಮಗಳನ್ನು ಕೂರಿಸಿಕೊಂಡು, "ಉಂಗುರ ಅಂಗಡೀಲಿ ತಗೋಮ್ಮ. ನನ್ನ ಆತುರ ಕೆಡಿಸ್ತು" ಎಂದ. ಮಗಳು ಅವನ ಕೈ ಹಿಡಿದು ಅತ್ತಳು. ಅವನೂ ಅತ್ತ. ಅಳುವಾಗಲೂ ಬಾಯಿ ತೆರೆದುಕೊಂಡೇ ಅತ್ತ, ಮೂಗು ಸೀಟುವ ಹಾಗಿರಲಿಲ್ಲವಲ್ಲ.

ಹೆಂಡತಿ ಇಬ್ಬರನ್ನೂ ನೋಡಿದಳು. ಎದ್ದು ಹೋಗಿ ಊದುಗೊಳವೆಯನ್ನು ಬಿಸಿನೀರಲ್ಲಿ ತೊಳೆದು ತಂದಳು.

"ನಿಮ್ಮ ಕೈಗೇನೂ ಆಗಿಲ್ಲ ತಾನೇ? ಕೈ ನಿಮ್ಮದಿರ್ಲಿ. ಊದೋದು ನಾನು."

"ನಿಂಗೆ ಬರಲ್ಲ ಕಣೇ. ಉಸಿರು ನಿಲ್ಲಿಸದೆ ಊದ್ಬೇಕು. ಮೂಗಲ್ಲಿ ಎಳ್ಕೊಂಡು ಕೆನ್ನೆಯಿಂದ ಬಿಡ್ಬೇಕು."

"ಮೂವತ್ತು ವರ್ಷದಿಂದ ಪಕ್ಕದಲ್ಲಿ ಕೂತು ನೋಡಿದ್ದೀನಿ. ಹೇಳಿಕೊಡಿ."

ಮೊದಲ ದಿನ ಅವಳು ಊದಿದ ರಭಸಕ್ಕೆ ಬೆಸುಗೆಯ ಚೂರು ಹಾರಿ ಎಲ್ಲೋ ಹೋಯಿತು, ಇಬ್ಬರೂ ನೆಲದ ಮೇಲೆ ಮಂಡಿಯೂರಿ ಹುಡುಕಿದರು. ಊದಪ್ಪ ಕೂಗಾಡಿದ. ಎದುರು ಮನೆಯಿಂದ ಸಿಸ್ಟರಮ್ಮ, "ಅಣ್ಣಾ, ಹೊಲಿಗೆ! ಕೂಗಬೇಡಿ!" ಎಂದು ಅವನಿಗಿಂತ ಜೋರಾಗಿ ಕೂಗಿದಳು. ಹೀಗಾಗಿ ಜೀವನದಲ್ಲಿ ಮೊದಲ ಸಲ ಅವನು ಹೆಂಡತಿಗೆ ಮೆಲುದನಿಯಲ್ಲಿ ಕೆಲಸ ಹೇಳಿಕೊಟ್ಟ. ತಾಮ್ರದ ತಂತಿಯ ಮೇಲೆ ವಾರಗಟ್ಟಲೆ ಅಭ್ಯಾಸ ನಡೆಯಿತು. ಒಂದು ಮಧ್ಯಾಹ್ನ ಉರಿ ಸಣ್ಣಗಾಗಿ, ನೆಟ್ಟಗೆ ಹೋಗಿ, ಅವನು ಚಿಮುಟದಲ್ಲಿ ತೋರಿಸಿದ ಜಾಗವನ್ನೇ ಮುಟ್ಟಿತು.

ಉಂಗುರಗಳು ಮದುವೆಗೆ ಸಿದ್ಧವಾದವು. ಬೆಸುಗೆ ಎಲ್ಲಿದೆ ಎಂದು ಮಗಳು ಎಷ್ಟು ಹುಡುಕಿದರೂ ಸಿಗಲಿಲ್ಲ. "ಇದು ಅಪ್ಪ ಅಮ್ಮ ಸೇರಿ ಮಾಡಿದ್ದು" ಎಂದು ಬಂದವರಿಗೆಲ್ಲ ಬೆರಳು ಚಾಚಿ ತೋರಿಸಿದಳು. ಊದಪ್ಪ ಆ ದಿನ ಬಾಯಿ ಬಿಟ್ಟು ನಕ್ಕ. ಎಡಗಡೆ ಹಲ್ಲಿಲ್ಲದ್ದು ಎಲ್ಲರಿಗೂ ಕಾಣಿಸಿತು, ಅವನು ಲೆಕ್ಕಿಸಲಿಲ್ಲ.

ಮದುವೆಯ ನಂತರವೂ ಅವನು ಕಾದ. ಡಾಕ್ಟರಮ್ಮ ಕರೆದಾಗಲೆಲ್ಲ ಹೋದ. ಕೊನೆಗೊಂದು ದಿನ ಎರಡು ಸ್ಕ್ಯಾನುಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದರು. ಮೊದಲಿನದರಲ್ಲಿ ಕಾಗದದಂಥ ಒಂದು ಬಿಳಿ ಗೆರೆ. ಈಗಿನದರಲ್ಲಿ ಬೆರಳು ದಪ್ಪದ ಮೂಳೆ.

"ಇದು ನಂದೇನಾ?" ಎಂದ ಊದಪ್ಪ.

"ನಿಮ್ಮದೇ. ನಾವು ಜಾಗ ಮಾಡಿಕೊಟ್ವಿ, ಬೆಳೆಸಿದ್ದು ನೀವು."

ಆ ಮೂಳೆಗೆ ಇಂಪ್ಲಾಂಟ್ ಹಾಕಿದರು. ಸ್ಕ್ರೂ ಮೂಳೆಯೊಂದಿಗೆ ಬೆಸೆದುಕೊಳ್ಳಲು ಮತ್ತೆ ಕೆಲವು ತಿಂಗಳು ಬೇಕೆಂದರು. ಈ ಸಲ ಅವನು ರಾಗ ತೆಗೆಯಲಿಲ್ಲ. ಆಮೇಲೆ ಹಲ್ಲು ಕೂರಿಸಿದರು. ಕೊಳವೆಯ ತುದಿಗೆ ಮೆತ್ತನೆಯ ರಬ್ಬರು ಹಾಕಿಕೊಳ್ಳಬೇಕು, ಗಟ್ಟಿಯಾಗಿ ಕಚ್ಚಬಾರದು, ಹಲ್ಲಿನ ಸುತ್ತ ದಿನವೂ ಶುಚಿ ಮಾಡಬೇಕು, ಕರೆದಾಗ ತಪಾಸಣೆಗೆ ಬರಬೇಕು ಎಂದು ಹೇಳಿ, "ಇನ್ನು ಊದಿ" ಎಂದರು.

ಊದಪ್ಪ ಮನೆಗೆ ಬಂದು ದೀಪ ಹಚ್ಚಿದ. ಊದಿದ. ಗಾಳಿ ಎಲ್ಲೂ ಸೋರಲಿಲ್ಲ. ಉರಿ ಸೂಜಿಯಂತೆ ನೆಟ್ಟಗೆ ಹೋಗಿ ತಾಗಿತು. ಹೆಂಡತಿ ಪಕ್ಕದಲ್ಲಿ ತನಗೆಂದೇ ಮಾಡಿಸಿಕೊಂಡ ಇನ್ನೊಂದು ಕೊಳವೆ ಹಿಡಿದು ಕೂತಿದ್ದಳು. ಊದಪ್ಪ ಊದುವುದನ್ನು ನಿಲ್ಲಿಸಿ ಅವಳತ್ತ ತಿರುಗಿ, ಇಷ್ಟು ದಿನ ಹೇಳದಿದ್ದ ಮಾತು ಹೇಳಿದ. "ಅವತ್ತು ನೀನು ಎಳ್ಕೊಂಡು ಹೋಗದಿದ್ರೆ ನಾನು ಮುಚ್ಚಿಟ್ಟುಕೊಂಡೇ ಹಾಳಾಗಿರ್ತಿದ್ದೆ ಕಣೇ."

"ಗೊತ್ತು. ಕೆಲಸ ನೋಡಿ" ಎಂದಳು ಅವಳು.

ಓದುತ್ತಿರುವ ಅಕ್ಕ ಅಣ್ಣಂದಿರೇ, ಈಗ ನಿಮ್ಮ ಸರದಿ. ನಾಲಿಗೆಯನ್ನು ಬಾಯೊಳಗೆ ಒಂದು ಸುತ್ತು ಆಡಿಸಿ ನೋಡಿ. ಎಲ್ಲಾದರೂ ಖಾಲಿ ಜಾಗ ಸಿಕ್ಕಿತೇ? ಒಂದು ಹಲ್ಲು ತಾನೇ ಎನ್ನಬೇಡಿ. ಹಲ್ಲು ಕೀಳಿಸುವ ದಿನವೇ "ಇಲ್ಲಿ ಮೂಳೆ ಉಳಿಸಿಕೊಳ್ಳೋದು ಹೇಗೆ?" ಎಂದು ದಂತವೈದ್ಯರನ್ನು ಕೇಳಿ. ಕೀಳಿಸಿ ವರ್ಷಗಳಾಗಿದ್ದರೆ ಇಂಪ್ಲಾಂಟಿಗೆ ಮೊದಲು ಮೂಳೆ ಸಾಕಷ್ಟಿದೆಯೇ ಎಂದು ಪರೀಕ್ಷೆ ಮಾಡಿಸಿ. ಕಸಿ ಬೇಕೆಂದರೆ ಹೆದರಬೇಡಿ, ಬೇಡವೆಂದರೆ ಒಳ್ಳೆಯದೇ ಆಯಿತು. ಕಟ್ಟುಹಲ್ಲು, ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಸೇತುವೆ ಹಲ್ಲು ಮುಂತಾದ ಬೇರೆ ದಾರಿಗಳೂ ಇವೆ, ಅವನ್ನೂ ಕೇಳಿ ತಿಳಿದುಕೊಳ್ಳಿ. ಕಸಿ ಆದ ಮೇಲೆ ಹೇಳಿದ ಪಥ್ಯವನ್ನು ನೋವು ಹೋದ ಮೇಲೂ ಪಾಲಿಸಿ. ಊತ ಹೆಚ್ಚಿದರೆ, ಜ್ವರ ಬಂದರೆ, ಕೀವು ಕಂಡರೆ, ರಕ್ತ ನಿಲ್ಲದಿದ್ದರೆ, ಕುಡಿದ ನೀರು ಮೂಗಿಗೆ ಬಂದರೆ ಅದೇ ದಿನ ಹೋಗಿ. ತಪ್ಪು ನಿಮ್ಮದೇ ಆಗಿದ್ದರೂ ಹೋಗಿ. ಬೈಗುಳ ತಿಂದರೆ ಮಾಯುತ್ತದೆ, ಸೋಂಕು ಮುಚ್ಚಿಟ್ಟರೆ ಮಾಯುವುದಿಲ್ಲ.

ಹಲ್ಲು ಹೋದ ಜಾಗದಲ್ಲಿ ಮೂಳೆ ಸದ್ದಿಲ್ಲದೆ ಸವೆಯುತ್ತದೆ. ಅದು ನೋಯುವುದಿಲ್ಲ, ಹಾಗಾಗಿ ಅದು ತಾನಾಗಿ ನಿಮಗೆ ಹೇಳುವುದಿಲ್ಲ. ಅದರ ಪರವಾಗಿ ನಾವು ಹೇಳಿದ್ದೇವೆ. ಈ ವಾರವೇ ಹೋಗಿ ತೋರಿಸಿಕೊಳ್ಳಿ.